ಹಮ್ಮನ ಬಾಲ

ಮಿರ್ಜಾನದ ಹಮ್ಮ ಗೌಡ ಓದಿದ್ದು ಮೂರನೇ ಇಯತ್ತೆ. ಆದರೂ ನ್ಯೂಟನ್, ಗೆಲಿಲಿಯೋ, ಆರ್ಕಿಮಿಡೀಸ್ ಇವರ ಸಂಗತಿ ಅವನಿಗೆ ಗೊತ್ತಿದ್ದಷ್ಟು ಕುಮಟೆ ಪೇಟೆಯಲ್ಲಿ ಕೋಟು ಹಾಕಿಕೊಂಡು ತಿರುಗುವ ಅನೇಕರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದೆಲ್ಲ ಸರಿಯಾಗಿತ್ತು ಎಂದೇನಲ್ಲ. ಕುಮಟೆಯ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಅವನು ವಿಜ್ಞಾನದ ಕೋಣೆ ಗುಡಿಸುವ ಜವಾನನಾಗಿದ್ದ. ಮಾಸ್ತರರು ಒಳಗೆ ಪಾಠ ಹೇಳುವಾಗ ಇವನು ಕಸಬರಿಗೆ ಹಿಡಿದು ಕಿಟಕಿಯ ಹೊರಗೆ ನಿಂತಿರುತ್ತಿದ್ದ. ಅರ್ಧ ಕೇಳಿಸುತ್ತಿತ್ತು, ಉಳಿದರ್ಧ ಗಾಳಿಗೆ ಹೋಗುತ್ತಿತ್ತು. ಹೋದದ್ದನ್ನು ಹಮ್ಮ ತಾನೇ ತುಂಬಿಕೊಳ್ಳುತ್ತಿದ್ದ.

ಹೀಗೆ ಅವನ ಬಾಯಲ್ಲಿ ನ್ಯೂಟನ್ ನ್ಯೂಟಣ್ಣನಾದ. ಸೇಬು ಕಂಡವರು ನಮ್ಮಲ್ಲಿ ಯಾರಿದ್ದರು? ನ್ಯೂಟಣ್ಣನ ತಲೆಯ ಮೇಲೆ ಬಿದ್ದದ್ದು ಗೇರುಹಣ್ಣು, ಬಿಳೀ ಅಂಗಿಗೆ ಕಲೆಯಾಗಿ ಹೆಂಡತಿಯಿಂದ ಬೈಸಿಕೊಂಡ ಮೇಲೆಯೇ ಅವನು ವಿಚಾರ ಮಾಡಲು ಕೂತದ್ದು. ಆರ್ಕಿಮಿಡೀಸ್ ಅರ್ಕಮೇಡಿ ಶೆಟ್ಟಿಯಾದ, ರಾಜನ ಕಿರೀಟದಲ್ಲಿ ತಾಮ್ರ ಬೆರೆತದ್ದನ್ನು ಬಚ್ಚಲ ಹಂಡೆಯಲ್ಲಿ ಕೂತು ಕಂಡುಹಿಡಿದು, ಉಟ್ಟದ್ದು ಮರೆತು ಹೊನ್ನಾವರದ ಬಂದರಿನವರೆಗೂ ಓಡಿದ. ಗೆಲಿಲಿಯೋ ಗೆಲ್ಲಿಯಪ್ಪನಾದ. ಒಮ್ಮೆ ಮಾಸ್ತರರು ರಜೆಯ ಮೇಲಿದ್ದಾಗ ಹಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ, ಹುಡುಗರಿಗೆ ಈ ಪಾಠ ತಾನೇ ಹೇಳಿಬಿಟ್ಟ. ಹುಡುಗರ ನಗು ರಸ್ತೆಯವರೆಗೂ ಕೇಳಿತು. ಮರುದಿನ ಅವನ ಕೆಲಸ ಹೋಯಿತು.

ಆ ನಗುವನ್ನು ರಸ್ತೆಯಲ್ಲಿ ನಿಂತು ಕೇಳಿದವರು ತ್ರ್ಯಂಬಕ ಪೈಗಳು. ಅವರದೊಂದು ಡೇರೆ ಸಿನೆಮಾ ಇತ್ತು. ಮಳೆ ಮುಗಿದ ಮೇಲೆ ಭಟ್ಕಳ, ಹೊನ್ನಾವರ, ಕುಮಟೆ, ಅಂಕೋಲೆ ಎಂದು ಬಯಲಿನಿಂದ ಬಯಲಿಗೆ ಸಾಗುತ್ತಿತ್ತು. ಮುಂಬಯಿಯಿಂದ ಬರುವ ಪಟಗಳೆಲ್ಲ ಹಿಂದಿ ಇಲ್ಲವೇ ಮರಾಠಿ. ನಮ್ಮ ಜನಕ್ಕೆ ಕುದುರೆ ಓಡಿದ್ದು ತಿಳಿಯುತ್ತಿತ್ತು, ಯಾಕೆ ಓಡಿತು ಎಂಬುದು ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಪರದೆಯ ಪಕ್ಕ ಒಬ್ಬ ಮನುಷ್ಯ ಬಿದಿರಿನ ಕೋಲು, ದನಿ ದೂರ ಮುಟ್ಟಿಸುವ ತಗಡಿನ ಭೋಂಗಾ ಹಿಡಿದು ನಿಂತು ಕಥೆ ಹೇಳಬೇಕಾಗಿತ್ತು. ಪೈಗಳ ಹತ್ತಿರ ಮಷೀನು ಇದ್ದದ್ದು ಒಂದೇ. ಪಟದ ಒಂದು ಸುರುಳಿ ಮುಗಿದು ಇನ್ನೊಂದನ್ನು ಏರಿಸುವವರೆಗೆ ಕಂದೀಲು ಹಚ್ಚಿ ಜನರನ್ನು ಹಿಡಿದು ಕೂರಿಸುವುದೂ ಅವನದೇ ಕೆಲಸ.

ಆ ಕೆಲಸಕ್ಕೆ ಪೈಗಳು ಹಮ್ಮನನ್ನು ಇಟ್ಟುಕೊಂಡರು. ಅವನಿಗೆ ಹಿಂದಿ ಬರುತ್ತಿರಲಿಲ್ಲ. ಅದರಿಂದ ಏನೂ ಕೆಡಲಿಲ್ಲ. ಕೋಟೆಯ ಗೋಡೆಯಿಂದ ಸಪೂರ ನಾಯಕನೂ ದಢೂತಿ ಸೇನಾಪತಿಯೂ ತಬ್ಬಿಕೊಂಡು ಕೆಳಗೆ ಬೀಳುವಾಗ ಅವನು ಭೋಂಗಾ ಎತ್ತುತ್ತಿದ್ದ: “ದಪ್ಪಗಿದ್ದಂವ ಮೊದ್ಲು ಬೀಳ್ತ ಅಂದ್ಕಂಡ್ರಾ? ಗೆಲ್ಲಿಯಪ್ಪ ಹೇಳಿದ್ದ, ಇಬ್ಬರೂ ಒಟ್ಟಿಗೇ ಬೀಳೂದು. ನೋಡಿ, ಬಿದ್ದಾತು.” ಇಬ್ಬರೂ ಒಟ್ಟಿಗೇ ಬೀಳುತ್ತಿದ್ದರು. ಭಟ್ಕಳದ ನವಾಯತ ಮುಸಲ್ಮಾನರಿಗೆ ಉರ್ದು ಚೆನ್ನಾಗಿ ಬರುತ್ತಿದ್ದುದರಿಂದ ಪಟದವರು ಏನು ಮಾತಾಡುತ್ತಾರೆ, ಹಮ್ಮ ಏನು ಹೇಳುತ್ತಾನೆ ಎರಡೂ ಗೊತ್ತಾಗುತ್ತಿತ್ತು. ಅಲ್ಲಿಯ ಮುದಿ ಜವಳಿ ವ್ಯಾಪಾರಿಯೊಬ್ಬರು ಆಟ ಮುಗಿದ ಮೇಲೆ ಬಂದು ಅವನ ಬೆನ್ನು ತಟ್ಟಿ, “ಪಟದ ಹುಡುಗಿ ಹಾಗೆ ಅನ್ಲೇ ಇಲ್ಲ ಭಾಯಿ. ಆದ್ರೆ ನೀ ಹೇಳಿದ್ದೇ ಚಲೋ ಅದೆ,” ಎಂದು ಹೋಗಿದ್ದರು. ಆ ಮಾತನ್ನು ಹಮ್ಮ ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತಿದ್ದ.

ಮನೆ ಎಂದರೆ ಅವನಿಗೆ ತಂಗಿ ಸಣ್ಣಿಯ ಮನೆ. ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದಳು, ಮಗುವೂ ಉಳಿದಿರಲಿಲ್ಲ. ಡೇರೆ ಇಲ್ಲದ ಮಳೆಗಾಲದಲ್ಲಿ ಸಣ್ಣಿಯ ಗಂಡ ಮಾಸ್ತಿಯ ಜೊತೆ ಗದ್ದೆಗಿಳಿಯುತ್ತಿದ್ದ. ಸಂಜೆ ಜಗಲಿಯಲ್ಲಿ ಕೂತರೆ ತಂಗಿಯ ಮಗಳು ತಿಮ್ಮಿ ಬಂದು ತೊಡೆಯೇರುತ್ತಿದ್ದಳು. ಆರು ವರ್ಷದ ಹುಡುಗಿ, ಕೇಳಿದ್ದನ್ನೇ ಮತ್ತೆ ಕೇಳುವವಳು. ಡೇರೆಯಲ್ಲಿ ಮುನ್ನೂರು ಜನ ನಕ್ಕರೂ ಅವನಿಗೆ ಸಾಲುತ್ತಿರಲಿಲ್ಲ. ತಿಮ್ಮಿ ನಕ್ಕರೆ ಆ ಕಥೆ ಗೆದ್ದಿತು ಎಂದು ಲೆಕ್ಕ. ಅವಳು ನಗದ ಕಥೆಯನ್ನು ಪರದೆಯ ಹತ್ತಿರ ಅವನು ಒಯ್ಯುತ್ತಿರಲಿಲ್ಲ.

ಯುದ್ಧದ ಕಾಲ. ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿಯ ಕೊನೆಗೆ ಪೈಗಳು ಹೇಗೋ ಮಾಡಿ ‘ಶೇರ್‌ದಿಲ್ ಗೌಳಣ್’ ಎಂಬ ಪಟ ತರಿಸಿದರು. ಹಾಲು ಮಾರುವ ಹುಡುಗಿಯೊಬ್ಬಳು ಕುದುರೆ ಏರಿ, ಮುಖಕ್ಕೆ ಬಟ್ಟೆ ಕಟ್ಟಿ, ದುಷ್ಟ ದಿವಾನನ ಸೊಕ್ಕು ಮುರಿಯುವ ಕಥೆ. ಭಟ್ಕಳದ ಆಟ ಮುಗಿಸಿ ಕಾಸರಕೋಡಿನಿಂದ ಹೊನ್ನಾವರಕ್ಕೆ ಶರಾವತಿ ದಾಟುವಾಗ ದೋಣಿ ವಾಲಿ ಪಟದ ಪೆಟ್ಟಿಗೆ ನೀರಿಗೆ ಬಿತ್ತು. ಎತ್ತಿದರು. ಆದರೆ ನಡುವಿನ ಎರಡು ಸುರುಳಿಗಳು ನೀರು ಕುಡಿದು ಅಂಟಿಕೊಂಡಿದ್ದವು. ಹುಡುಗಿ ದಿವಾನನ ಸೆರೆಮನೆಗೆ ಹೋಗುವವರೆಗೆ ಪಟ ಉಳಿದಿತ್ತು. ಆಮೇಲೆ ಒಮ್ಮೆಲೇ ದಿವಾನ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ತೆವಳುತ್ತ ಅವಳ ಎದುರು ಬರುತ್ತಿದ್ದ. ಯಾಕೆ ಎಂಬುದು ನೀರಿನಲ್ಲಿ ಹೋಯಿತು.

“ಹಮ್ಮಾ, ಈಗ ಎಂತ ಮಾಡೋದು?” ಎಂದರು ಪೈಗಳು.

“ಆ ಎರಡು ಸುರುಳಿ ನನ್ನ ಹತ್ರ ಅದೆ ಒಡೆಯಾ,” ಎಂದ ಹಮ್ಮ.

ಅವನ ಹತ್ತಿರ ಇದ್ದದ್ದು ಸಿಡುಬಿನ ಪಾಠ. ಹಸುವಿನ ಮೊಲೆಯ ಗುಳ್ಳೆ ಕೈಗೆ ಹತ್ತಿದ ಹಾಲಿನ ಹುಡುಗಿಯರಿಗೆ ಸಿಡುಬು ಬರುವುದಿಲ್ಲ ಎಂದು ಕೇಳಿದ ಜೆನ್ನರ್ ಎಂಬ ಡಾಕ್ಟರು, ಆ ಗುಳ್ಳೆಯ ರಸವನ್ನೇ ಬೇರೆಯವರ ತೋಳಿಗೆ ಚುಚ್ಚಿ, ಲೋಕದಲ್ಲಿ ಲಕ್ಷಾಂತರ ಜನ ಬದುಕುವ ದಾರಿ ಮಾಡಿದ ಎಂದು ಮಾಸ್ತರರು ಹೇಳಿದ್ದರು. ಜನ ಮೊದಮೊದಲು ಹೆದರಿದರು, ಹಸುವಿನ ರಸ ಹಾಕಿಸಿಕೊಂಡರೆ ಹಸುವೇ ಆಗಿಬಿಡುತ್ತೇವೆ ಎಂದುಕೊಂಡರು ಎಂದೂ ಹೇಳಿದ್ದರು. ಇದನ್ನು ಹೇಳುವಾಗ ಮಾಸ್ತರರು ನಕ್ಕಿದ್ದರು. ಹಮ್ಮನಿಗೆ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಆ ನಗು.

ನಮ್ಮ ಕಡೆ ಸಿಡುಬಿಗೆ ಹೆದರಿ ಅಮ್ಮ ಎನ್ನುತ್ತಾರೆ, ದೇವಿ ಎನ್ನುತ್ತಾರೆ. ಅದು ಬಾರದಿರಲೆಂದು ತೋಳಿಗೆ ಚುಚ್ಚುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು, ಚುಚ್ಚಲು ಬರುವವರು ದೇವಿ ಡಾಕ್ಟರು. ಹಮ್ಮನಿಗೆ ಇಷ್ಟು ಸಾಕಾಯಿತು. ಗೌಳಗಿತ್ತಿಗೆ ದೇವಿ ಎಂದು ಹೆಸರಿಟ್ಟ. ಅವಳ ಮೇಲೆ ಮನಸ್ಸು ಮಾಡಿದ ಜನ್ನಪ್ಪ ಡಾಕ್ಟರ ಎಂಬವನನ್ನು ಸೆರೆಮನೆಗೆ ಕಳಿಸಿದ. ಜನ್ನಪ್ಪ “ದೇವಿ ಹಾಕೂಕೆ ಬಂದೆ” ಎಂದರೆ ದಿವಾನ “ಹಾಕು, ಅವಳನ್ನ ಹೊಳೆಗೆ ಹಾಕು” ಎನ್ನುತ್ತಾನೆ. ಮಾತಿಗೆ ಮಾತು ತಪ್ಪಿ ಕೊನೆಗೆ ಜನ್ನಪ್ಪ ದಿವಾನನ ತೋಳಿಗೇ ಚುಚ್ಚುತ್ತಾನೆ. ದಿವಾನನಿಗೆ ಮೊದಲು ಕಿವಿ ಉದ್ದವಾಗುತ್ತದೆ. ಆಮೇಲೆ ಬಾಲ ಮೂಡುತ್ತದೆ. ಅಷ್ಟು ಹೇಳಿ ಹಮ್ಮ ಕಂದೀಲು ಆರಿಸುತ್ತಿದ್ದ, ಮಷೀನು ಸುರುವಾಗುತ್ತಿತ್ತು, ಪರದೆಯ ಮೇಲೆ ದಿವಾನ ನಾಲ್ಕು ಕಾಲಿನಲ್ಲಿ ತೆವಳುತ್ತ ಬಾಯಿ ತೆರೆಯುತ್ತಿದ್ದ, ಭೋಂಗಾದಿಂದ ಹಮ್ಮ “ಅಂಬಾ” ಎನ್ನುತ್ತಿದ್ದ.

ಹೊನ್ನಾವರದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಮಟೆಗೆ ಬರುವಷ್ಟರಲ್ಲಿ ಡೇರೆಗಿಂತ ಮುಂಚೆ ಅಂಬಾ ಬಂದು ಮುಟ್ಟಿತ್ತು. ಮೀನು ಮಾರುವ ಹೆಂಗಸರು ಒಬ್ಬರಿಗೊಬ್ಬರು ಅಂಬಾ ಎಂದು ಹಂಗಿಸಿಕೊಳ್ಳುತ್ತಿದ್ದರು. ಸಣ್ಣಿ ತಿಮ್ಮಿಯನ್ನು ಕರೆದುಕೊಂಡು ಮಿರ್ಜಾನದಿಂದ ನಡೆದು ಬಂದು ಹೆಂಗಸರ ಬದಿಯಲ್ಲಿ ಎದುರಿಗೇ ಕೂತಳು. ಹಮ್ಮ ಅಂದು ಹಿಂದೆಂದೂ ಹೇಳದ ಹಾಗೆ ಹೇಳಿದ. ದಿವಾನನ ಬಾಲದಿಂದ ನೊಣ ಓಡಿಸಿದ, ಅವನಿಗೆ ಹುಲ್ಲು ತಿನ್ನಿಸಿದ. ತಿಮ್ಮಿ ನಕ್ಕಳೋ ಇಲ್ಲವೋ ಎಂದು ಅವನಿಗೆ ನೋಡಲಾಗಲಿಲ್ಲ, ಕಂದೀಲಿನ ಬೆಳಕು ಅವನ ಮೇಲಷ್ಟೇ ಇತ್ತು, ಜನ ಕೂತಲ್ಲಿ ಕತ್ತಲೆಯಿತ್ತು.

ಆಟ ಮುಗಿದು ಹೊರಗೆ ಬಂದಾಗ ಅವಳು ಅವನ ಎಡತೋಳು ಹಿಡಿದು ನೋಡಿದಳು. ಅಲ್ಲಿ ಸಣ್ಣಂದಿನಲ್ಲಿ ದೇವಿ ಹಾಕಿದ ಎರಡು ದುಂಡು ಕಲೆ ಇದ್ದವು. ದಿನಾ ಅವುಗಳ ಮೇಲೆ ಬೆರಳಾಡಿಸಿ ಆಡುತ್ತಿದ್ದವಳೇ, ಅಂದು ಮಾತ್ರ ಮುಟ್ಟಲಿಲ್ಲ.

“ಮಾವಾ, ನಿಂಗೆ ದೇವಿ ಹಾಕೀರಲ,” ಎಂದಳು. “ನಿನ್ನ ಬಾಲ ಎಲ್ಲದೆ?”

ಇಲ್ಲ ಎನ್ನಬಹುದಾಗಿತ್ತು. ಅದೆಲ್ಲ ಸುಳ್ಳು ತಂಗಿ, ಜನ ನಗಲಿ ಎಂದು ಹೇಳಿದ್ದು ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಸುತ್ತ ಹತ್ತು ಜನ ನಿಂತಿದ್ದರು, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಹಮ್ಮ ಹಿಂದೆ ಕೈಯಿಟ್ಟು ಪಂಚೆ ಸರಿಮಾಡಿಕೊಂಡ.

“ಮಡಚಿ ಪಂಚೆ ಒಳಗೆ ಇಟ್ಟಿದೆ. ಪೇಟೆಲಿ ತೋರ್ಸೂಕೆ ಆತದಾ?”

ಹತ್ತು ಜನವೂ ನಕ್ಕರು, ಸಣ್ಣಿಯೂ ನಕ್ಕಳು. ತಿಮ್ಮಿ ಅವನ ಪಂಚೆಯ ಹಿಂಬದಿಯನ್ನು ನೋಡುತ್ತಾ ಅವ್ವನ ಸೆರಗು ಹಿಡಿದುಕೊಂಡಳು.

ಡೇರೆ ಅಂಕೋಲೆಗೆ ಹೋದ ಮೇಲೆ, ಶಿವರಾತ್ರಿಯ ಆಚೀಚೆ, ದೇವಿ ಡಾಕ್ಟರು ಮಿರ್ಜಾನಕ್ಕೆ ಬಂದರು. ತಿಮ್ಮಿ ಹುಟ್ಟಿದ ವರ್ಷ ಅವರು ಬಂದಾಗ ಅವಳಿಗೆ ಜ್ವರವಿತ್ತು, ಮುಂದೆ ಹಾಗೆಯೇ ತಪ್ಪಿಹೋಗಿತ್ತು. ಈ ಸಲ ಶಾನುಭೋಗರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಸಣ್ಣಿ ಅವಳಿಗೆ ಮೀಯಿಸಿ, ತಲೆ ಬಾಚಿ, ನೀರಿನ ಕೊಡ ಇಟ್ಟು ಬರುವಷ್ಟರಲ್ಲಿ ಹುಡುಗಿ ಇಲ್ಲ. ಹುಲ್ಲು ಬಣವೆಯ ಹಿಂದೆ, ಕೊಟ್ಟಿಗೆಯ ಅಟ್ಟದಲ್ಲಿ, ಹೊಳೆದಂಡೆಯ ಕಾಂಡ್ಲ ಗಿಡಗಳ ಸಂದಿಯಲ್ಲಿ ಎಲ್ಲ ಹುಡುಕಿದರು. ಓಡಿಹೋದವಳು ತಿಮ್ಮಿ ಒಬ್ಬಳೇ ಅಲ್ಲ. ಊರ ಅರ್ಧ ಮಕ್ಕಳು ಅಂಬಾ ಅಂಬಾ ಎಂದು ಕೂಗುತ್ತ ಗದ್ದೆ ಬಯಲಿನಲ್ಲಿ ಚದುರಿದ್ದರು, ದೊಡ್ಡವರು ಕೆಲವರು ನಗುತ್ತಿದ್ದರು, ಕೆಲವರು ನಗದೆ ಬಾಗಿಲು ಹಾಕಿಕೊಂಡಿದ್ದರು. ಡಾಕ್ಟರು ಮಧ್ಯಾಹ್ನದವರೆಗೆ ಕಾದು ಪೆಟ್ಟಿಗೆ ಮುಚ್ಚಿದರು.

ಸಂಜೆ ತಿಮ್ಮಿ ಹೊಳೆಗಿಡಗಳ ನಡುವಿನಿಂದ ಕೆಸರು ಮೆತ್ತಿಕೊಂಡು ಬಂದಳು. “ನಂಗೆ ಬಾಲ ಬ್ಯಾಡ ಅವ್ವಾ,” ಎಂದು ಅತ್ತಳು. ಸಣ್ಣಿಗೆ ಸಿಟ್ಟೂ ಬಂತು, ನಗುವೂ ಬಂತು. ಬರುವ ವರ್ಷ ಹಾಕಿಸಿದರಾಯಿತು ಎಂದುಕೊಂಡಳು. ಅಂಕೋಲೆಗೆ ಹೋಗುವವರ ಹತ್ತಿರ ಈ ಸುದ್ದಿಯನ್ನು ಅಣ್ಣನಿಗೆ ತಮಾಷೆಯೆಂದು ಹೇಳಿ ಕಳಿಸಿದಳು. ಹಮ್ಮ ಕೇಳಿ ನಕ್ಕ. ಅಷ್ಟೇ ಅಲ್ಲ, ಅಂದು ಸಂಜೆಯ ಆಟದಲ್ಲಿ ಬಾಲಕ್ಕೆ ಹೆದರಿ ಹೊಳೆಗಿಡದಲ್ಲಿ ಅಡಗಿದ ಹುಡುಗಿಯೊಬ್ಬಳನ್ನೂ ಕಥೆಗೆ ಸೇರಿಸಿದ. ಮನುಷ್ಯ ಕೆಟ್ಟವನಲ್ಲ. ಬಾಯಿ ಮುಂದೆ ಹೋಗುತ್ತಿತ್ತು, ಬುದ್ಧಿ ಹಿಂದೆ ಬರುತ್ತಿತ್ತು.

ಚೈತ್ರದಲ್ಲಿ ಅಮ್ಮ ಬಂದಳು. ಮೊದಲು ಬಂದರಿನ ಕೂಲಿಯವರಲ್ಲಿ, ಆಮೇಲೆ ಹೊಳೆಸಾಲಿನ ಕೇರಿಗಳಲ್ಲಿ. ಸರಕಾರದವರು ಜನ ಸೇರಬಾರದೆಂದು ಡೇರೆ ಮುಚ್ಚಿಸಿದರು. ಮಿರ್ಜಾನದಲ್ಲೂ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ ಎಂದು ಕೇಳಿ ಹಮ್ಮ ಭೋಂಗಾವನ್ನು ಪೈಗಳ ಕೈಗೆ ಕೊಟ್ಟು ನಡೆದೇ ಬಂದ. ಸಣ್ಣಿಯ ಮನೆಯ ಬಾಗಿಲಲ್ಲೂ ಬೇವಿನ ಸೊಪ್ಪಿತ್ತು.

ತಿಮ್ಮಿಯ ಮೈಯಲ್ಲಿ ಬೆರಳಿಡಲು ಜಾಗ ಇರಲಿಲ್ಲ. ಬಾಳೆಲೆಯ ಮೇಲೆ ಮಲಗಿಸಿದ್ದರು. ಸಣ್ಣಿಗೂ ಮಾಸ್ತಿಗೂ ಚಿಕ್ಕಂದಿನಲ್ಲೇ ದೇವಿ ಹಾಕಿತ್ತು, ಅವರಿಗೇನೂ ಆಗಲಿಲ್ಲ. ಹಮ್ಮನಿಗೂ ಆಗುವಂತಿರಲಿಲ್ಲ. ಆ ಎರಡು ಕಲೆಯ ತೋಳಿನಿಂದಲೇ ಅವನು ಹಗಲೆಲ್ಲ ಬೇವಿನ ಗೆಲ್ಲು ಹಿಡಿದು ಅವಳಿಗೆ ಗಾಳಿ ಹಾಕಿದ. ಒಳಗೆ ಸಣ್ಣಿ ಸದ್ದಿಲ್ಲದೆ ಎಳನೀರು ತಂದಿಟ್ಟು ಹೋಗುತ್ತಿದ್ದಳು. ಅವಳು ಅಣ್ಣನಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತು.

ಏಳನೆಯ ದಿನ ತಿಮ್ಮಿಯ ಕಣ್ಣು ತೆರೆಯದಾದವು. ದನಿ ಮಾತ್ರ ಸ್ವಲ್ಪ ಇತ್ತು.

“ಮಾವಾ.”

“ಎಂತ ತಂಗಿ?”

“ನಂಗೆ ಬಾಲ ಬರ್ಲಿಲ್ಲ, ಅಲ್ದಾ?”

ಹಮ್ಮ ಬೇವಿನ ಗೆಲ್ಲು ಕೆಳಗಿಟ್ಟ. “ಇಲ್ಲ ತಂಗಿ, ಬರ್ಲಿಲ್ಲ,” ಎಂದ. ತಿಮ್ಮಿಗೆ ಸಮಾಧಾನವಾದಂತೆ ಕಂಡಿತು. ಮರುದಿನ ಬೆಳಿಗ್ಗೆ ಅವಳು ಹೋದಳು. ಅಮ್ಮ ಬಂದು ಹೋದವರನ್ನು ಸುಡುವುದಿಲ್ಲವಾದ್ದರಿಂದ ಮಾಸ್ತಿಯೂ ಹಮ್ಮನೂ ಗದ್ದೆಯಾಚೆಯ ದಿಬ್ಬದಲ್ಲಿ ಗುಂಡಿ ತೋಡಿ ಮಣ್ಣು ಮಾಡಿ ಬಂದರು. ಆ ಕೇರಿಯಲ್ಲಿ ಒಟ್ಟು ಐದು ಮಕ್ಕಳು ಹೋದರು. ಐವರೂ ಶಿವರಾತ್ರಿಯ ಹೊತ್ತಿಗೆ ಅಂಬಾ ಎಂದು ಓಡಿದವರು. ಹಮ್ಮ ಅವರೆಲ್ಲರ ಹೆಸರನ್ನೂ ಬಲ್ಲವನಾಗಿದ್ದ.

ಮಳೆಗಾಲ ಕಳೆದು ಡೇರೆ ಮತ್ತೆ ಎದ್ದಿತು. ಹೊಸ ಪಟ ಸಿಗದೆ ಪೈಗಳು ‘ಶೇರ್‌ದಿಲ್ ಗೌಳಣ್’ ಪಟವನ್ನೇ ಮತ್ತೆ ತಂದರು. ಹಮ್ಮ ಮೊದಲು ಬರುವುದಿಲ್ಲ ಎಂದ. ಆಮೇಲೆ ತಾನಾಗಿಯೇ ಹೋಗಿ ಕುಮಟೆಯ ಬಯಲಿನಲ್ಲಿ ಪರದೆಯ ಪಕ್ಕ ನಿಂತ. ಅವನ ಮನಸ್ಸಿನಲ್ಲಿ ಬೇರೆಯೇ ಇತ್ತು. ಆ ಎರಡು ಸುರುಳಿಯ ಜಾಗ ಬಂದಾಗ ಕಂದೀಲಿನ ಬೆಳಕಿನಲ್ಲಿ ಅಂಗಿಯ ತೋಳು ಮಡಚಿ ಎತ್ತಿ ಹಿಡಿದ.

“ಹೋದ ವರ್ಷ ನಾ ಹೇಳಿದ್ದು ಸುಳ್ಳು,” ಎಂದ. “ಬಾಲ ಬತ್ತಿಲ್ಲ. ದೇವಿ ಹಾಕಿಸ್ಕಂಡ್ರೆ ಜೀವ ಉಳಿತದೆ. ನನ್ನ ತಂಗಿ ಮಗಳು ಒಬ್ಳಿದ್ಲು, ತಿಮ್ಮಿ ಅಂತ. ಅವಳಿಗೆ ಹೇಳೂಕೆ ಆಗ್ಲಿಲ್ಲ, ನಿಮಗೆ ಹೇಳ್ತೆ.”

ಡೇರೆಯೆಲ್ಲ ನಕ್ಕಿತು. ಐದು ವರ್ಷ ಅವನೇ ಕಲಿಸಿದ ಪಾಠ ಅದು. ಹಮ್ಮ ಮುಖ ಗಂಭೀರ ಮಾಡಿದನೆಂದರೆ ಮುಂದೆ ದೊಡ್ಡ ತಮಾಷೆ ಇದೆಯೆಂದೇ ಅವರಿಗೆ ಗೊತ್ತು. ಅವನು ತಿಮ್ಮಿ ಹೊಳೆಗಿಡದಲ್ಲಿ ಅಡಗಿದ್ದನ್ನು ಹೇಳಿದ, ಇನ್ನೂ ನಕ್ಕರು. ಬಾಳೆಲೆಯ ಮೇಲೆ ಮಲಗಿಸಿದ್ದನ್ನು ಹೇಳಿದ. ಎದುರಿಗೆ ಕೂತ ಒಬ್ಬಳು ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಬಾಲ ಹೊರಗೆ ಬಿಡು ಹಮ್ಮಣ್ಣಾ, ಸಾಕು ಕಾಯ್ಸೂದು,” ಎಂದಳು. ಅವಳು ಒರೆಸಿಕೊಂಡದ್ದು ನಕ್ಕ ಕಣ್ಣೀರು. ಹಿಂದಿನಿಂದ ಯಾರೋ ಅಂಬಾ ಎಂದರು. ನಾಲ್ಕೂ ಕಡೆಯಿಂದ ಅಂಬಾ ಎದ್ದಿತು. ಹಮ್ಮ ಭೋಂಗಾವನ್ನು ನೆಲಕ್ಕಿಟ್ಟು, ಕೋಲನ್ನು ಪರದೆಗೆ ಒರಗಿಸಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ಹೋಗುವಾಗಲೂ ಜನ ಅವನ ಪಂಚೆಯ ಹಿಂಬದಿ ನೋಡಿ ನಗುತ್ತಿದ್ದರು.

ಮತ್ತೆ ಅವನು ಡೇರೆಗೆ ಹೋಗಲಿಲ್ಲ. ದೇವಿ ಡಾಕ್ಟರ ಹತ್ತಿರ ಹೋಗಿ, ಪೆಟ್ಟಿಗೆ ಹೊರುತ್ತೇನೆ ಎಂದ. ಮಾವಿನಕುರ್ವೆಯ ದೋಣಿಯಲ್ಲಿ, ಗೇರುಸೊಪ್ಪೆಯ ದಾರಿಯಲ್ಲಿ, ಹೊಳೆಸಾಲಿನ ಕೇರಿ ಕೇರಿಯಲ್ಲಿ ಅವನು ಪೆಟ್ಟಿಗೆ ಹೊತ್ತು ನಡೆದ. ಬಹಳ ಮಾತಾಡುತ್ತಿರಲಿಲ್ಲ. ಊರು ಮುಟ್ಟಿದ ಕೂಡಲೇ ಮಕ್ಕಳಿಗೆ ಅವನ ಗುರುತು ಸಿಗುತ್ತಿತ್ತು, ಅಂಬಾ ಎನ್ನುತ್ತಿದ್ದರು. ಹಮ್ಮ ಪೆಟ್ಟಿಗೆ ಇಳಿಸಿ, ಅವರಿಗೆ ಬೆನ್ನು ಮಾಡಿ ನಿಂತು, ಅಂಗಿ ಮೇಲೆತ್ತಿ, ಪಂಚೆಯನ್ನು ಸೊಂಟಕ್ಕೆ ಬಿಗಿಯಾಗಿ ಎಳೆದು ಹಿಡಿಯುತ್ತಿದ್ದ. “ಬನ್ನಿ, ಮುಟ್ಟಿ ನೋಡಿ. ಅದೆಯಾ?” ಎನ್ನುತ್ತಿದ್ದ. ಮಕ್ಕಳು ಒಬ್ಬೊಬ್ಬರೇ ಬಂದು ಮುಟ್ಟಿ ನೋಡುತ್ತಿದ್ದರು. ನಲವತ್ತು ದಾಟಿದ ಗಂಡಸು ಊರ ನಡುವೆ ಹಾಗೆ ನಿಲ್ಲುವುದನ್ನು ಕಂಡು ದೊಡ್ಡವರು ನಗುತ್ತಿದ್ದರು. ನಗಲಿ ಎಂದು ಅವನು ನಿಂತಿರುತ್ತಿದ್ದ.

ಮಿರ್ಜಾನದ ಸರದಿ ಎರಡು ವರ್ಷ ತಪ್ಪಿಸಿಕೊಂಡ. ಆ ಊರಿಗೆ ಪೆಟ್ಟಿಗೆಯನ್ನು ಬೇರೆ ಯಾರೋ ಹೊತ್ತರು. ಸಣ್ಣಿ ಅವನನ್ನು ಬರಬೇಡ ಎಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ತಿಮ್ಮಿ ಹೋದ ಮರುವರ್ಷ ಅವಳಿಗೆ ಇನ್ನೊಂದು ಹೆಣ್ಣು ಹುಟ್ಟಿದ್ದನ್ನು, ಗಂಗಿ ಎಂದು ಹೆಸರಿಟ್ಟದ್ದನ್ನು ಅವನು ಸಂತೆಯಲ್ಲಿ ಯಾರದೋ ಬಾಯಿಂದ ಕೇಳಿದ. ಮೂರನೆಯ ವರ್ಷ ಡಾಕ್ಟರು, “ಹಮ್ಮಾ, ಈ ಸಲ ಬೇರೆ ಆಳಿಲ್ಲ. ನೀನೇ ಬರಬೇಕು,” ಎಂದರು.

ಜಗಲಿಯಲ್ಲಿ ಸಣ್ಣಿ, ಹೋದ ವರ್ಷ ಎಳೆಗೂಸೆಂದು ಡಾಕ್ಟರು ಬಿಟ್ಟಿದ್ದ ಗಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ತೋಳು ಬಿಚ್ಚಿಟ್ಟು ಕಾಯುತ್ತಿದ್ದಳು. ಡಾಕ್ಟರು ಪೆಟ್ಟಿಗೆ ತೆರೆದ ಕೂಡಲೇ ಗಂಗಿ ಕಿರುಚಿದಳು. ಅಕ್ಕಪಕ್ಕದ ಮಕ್ಕಳು ಅವಳಿಗೂ ಹೇಳಿಕೊಟ್ಟಿದ್ದರು. ಬಾಲ, ಬಾಲ ಎಂದು ಅಳುತ್ತ ಅವ್ವನ ಕೈ ಬಿಡಿಸಿಕೊಳ್ಳತೊಡಗಿದಳು.

ಹಮ್ಮ ಜಗಲಿಯ ಕೆಳಗೆ ಬಂದು, ತಂಗಿಯ ಮುಖ ನೋಡದೆ, ತಿರುಗಿ ನಿಂತ. ಅಂಗಿ ಮೇಲೆತ್ತಿ ಪಂಚೆ ಬಿಗಿಹಿಡಿದ. “ಮುಟ್ಟಿ ನೋಡು ತಂಗಿ,” ಎಂದ. ಅಳು ನಿಂತಿತು. ಒಂದು ಪುಟ್ಟ ಕೈ ಅವನ ಬೆನ್ನಿನ ಕೆಳಗೆ ಅತ್ತಿತ್ತ ಹರಿದಾಡಿತು.

“ಇಲ್ಲ,” ಎಂದಳು ಗಂಗಿ.

ಡಾಕ್ಟರು ಸೂಜಿ ಎತ್ತಿದರು. ಗಂಗಿ ಒಮ್ಮೆ ಅತ್ತು ಸುಮ್ಮನಾದಳು. ಹಮ್ಮ ಅಂಗಿ ಇಳಿಸದೆ ಹಾಗೆಯೇ ನಿಂತಿದ್ದ. ಹಿಂದಿನಿಂದ ಸಣ್ಣಿಯ ದನಿ ಕೇಳಿತು. ಮೂರು ವರ್ಷದ ಮೇಲೆ ಅವಳು ಅಣ್ಣನಿಗೆ ಆಡಿದ ಮೊದಲ ಮಾತು ಅದು. ಸಿಟ್ಟಿರಲಿಲ್ಲ ಅದರಲ್ಲಿ.

“ಅವಳಿಗೂ ಅಂದು ಹೀಂಗೇ ತೋರ್ಸಿದ್ರೆ ಆಗ್ತಿತ್ತಲ ಅಣ್ಣಾ.”